ಗುಂಟೆ, ವರ್ಷನ್ ಮೂರು

16 ಜೂನ್ 2025, ಸೋಮವಾರ

ಎಂಟರ ಬಸ್ಸು ಇವತ್ತೂ ಫುಲ್. ಹೊಳೆನರಸೀಪುರದಿಂದ ಹಾಸನದವರೆಗೆ ನಿಂತೇ ಬಂದೆ. ಇವತ್ತಿನ ಕಂಡಕ್ಟರ್ ಹಿಂದೆ ಅಪ್ಪನ ಜೊತೆ ಡಿಪೋದಲ್ಲಿದ್ದವರು; ರಿಟೈರ್ ಆಗುವವರೆಗೆ ಅಪ್ಪನೂ ಕಂಡಕ್ಟರೇ. ಟಿಕೆಟ್ ಕೊಡುತ್ತಾ ಅಕ್ಕಪಕ್ಕದ ಸೀಟಿಗೆಲ್ಲ ಕೇಳುವಂತೆ, "ನಮ್ ದ್ಯಾವಯ್ಯನ ಮಗ್ಳು ಕಣ್ರೀ. ಕಂಪ್ಯೂಟ್ರಲ್ಲಿ ಜಮೀನ್ ಅಳೀತಾಳೆ" ಅಂದರು. ಅಳೆಯುವುದಿಲ್ಲ, ಅಳೆದದ್ದನ್ನು ಕೂಡುತ್ತೇನೆ ಅಷ್ಟೇ. ತಿದ್ದಲು ಹೋಗಲಿಲ್ಲ. ಕೇಳಲು ಚೆನ್ನಾಗಿತ್ತು.

ಆಫೀಸಿಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಆಫೀಸಿನದ್ದಲ್ಲ. ‘ಗುಂಟೆ’ಯ ಪುಟ ತೆರೆಯುವುದು. ಈ ವಾರ ಎಷ್ಟು ಸಲ ಡೌನ್‌ಲೋಡ್ ಆಗಿದೆ ನೋಡುವುದು. ಆಮೇಲೆ ಟೀ, ಆಮೇಲೆ ಸಂಬಳದ ಕೆಲಸ.

‘ಗುಂಟೆ’ ಅಂದರೆ ಇಂಜಿನಿಯರಿಂಗ್ ಕೊನೇ ವರ್ಷ ಹಾಸ್ಟೆಲ್‌ನಲ್ಲಿ ಕೂತು ನಾನು ಬರೆದ ಪುಟ್ಟ ಸಾಫ್ಟ್‌ವೇರ್ ಪ್ಯಾಕೇಜ್. ಎಕರೆ-ಗುಂಟೆ ಕೂಡುತ್ತದೆ, ಕಳೆಯುತ್ತದೆ, ಅಣ್ಣತಮ್ಮಂದಿರಿಗೆ ಪಾಲು ಮಾಡುತ್ತದೆ. ನಲವತ್ತು ಗುಂಟೆಗೆ ಒಂದೆಕರೆ ಅನ್ನುವುದು ಹೊರಗಿನ ದೊಡ್ಡ ದೊಡ್ಡ ಪ್ಯಾಕೇಜುಗಳಿಗೆ ಗೊತ್ತಿಲ್ಲ. ನನ್ನದಕ್ಕೆ ಗೊತ್ತು. ಯಾರು ಬೇಕಾದರೂ ಪುಕ್ಕಟೆ ತಮ್ಮ ಪ್ರೋಗ್ರಾಮಿನೊಳಗೆ ಸೇರಿಸಿಕೊಳ್ಳಬಹುದು ಅಂತ ಇಂಟರ್‌ನೆಟ್ಟಿಗೆ ಹಾಕಿದ್ದೆ. ಸೇರಿಸಿಕೊಂಡಿದ್ದಾರೆ. ಡ್ರಿಪ್ ಪೈಪಿನವರು, ಗೊಬ್ಬರದವರು, ಬಿತ್ತನೆ ಆಲೂಗಡ್ಡೆಯವರು...

ನಮ್ಮ ಮನೆಯ ಹೆಸರಲ್ಲಿರುವುದು ಮೂವತ್ತೈದು ಗುಂಟೆ. ನನ್ನ ಕೋಡಿನೊಳಗೆ ದಿನಾ ಓಡಾಡುವ ಜಮೀನು ಎಷ್ಟು ಸಾವಿರ ಎಕರೆಯೋ. ಹೆಮ್ಮೆ. ಇಲ್ಲಿ ಬರೆದರೆ ಯಾರೇನು ಕೇಳುತ್ತಾರೆ?

19 ಜೂನ್, ಗುರುವಾರ

ಚನ್ನರಾಯಪಟ್ಟಣದ ಶಶಿಕುಮಾರ್ ಫೋಟೋ ಕಳಿಸಿದ್ದರು. ಕಾಲೇಜಿನಲ್ಲಿ ನನಗಿಂತ ಎರಡು ವರ್ಷ ಸೀನಿಯರ್. ಈಗ ಅಲ್ಲಿನ ತೆಂಗು ಬೆಳೆಗಾರರ ಕಂಪನಿಯಲ್ಲಿ ಕಂಪ್ಯೂಟರಿಗೆಲ್ಲ ಅವರೇ ದಿಕ್ಕು. ಜೊತೆಗೊಂದು ಸಾಲು: "ನಿಮ್ ಪ್ಯಾಕೇಜಿಂದೇ ಮಹಿಮೆ ನೋಡಿ."

ಫೋಟೋದಲ್ಲಿ ಒಂದು ಚೀಟಿ. ನುಗ್ಗೇಹಳ್ಳಿ ನಂಜಪ್ಪ, ತೆಂಗಿನ ತೋಟ, 2.1.

ನಂಜಪ್ಪನವರ ತೋಟ ಎರಡೆಕರೆ ಹತ್ತು ಗುಂಟೆಯಂತೆ. ಕಂಪನಿಯ ಅಂಗಡಿಯ ಹುಡುಗರು ಚೀಟಿ ನೋಡಿ ಎರಡೆಕರೆ ಒಂದು ಗುಂಟೆಗೆ ಡ್ರಿಪ್ ಪೈಪ್ ಕೊಟ್ಟು ಕಳಿಸಿದ್ದಾರೆ. ಹಿಂದಿನ ಎರಡು ಸಾಲು ಮರಕ್ಕೆ ಪೈಪೇ ಇಲ್ಲ. ಆತ ಬಂದು ಕೂಗಾಡಿದರೆ, ಕಂಪ್ಯೂಟರ್ ಹೇಳಿದ್ದು ಅಂತ ಉತ್ತರ.

ನೋಡಿದ ಕೂಡಲೇ ಹೊಳೆಯಿತು.

ನಮ್ಮ ಕಡೆ ಎಲ್ಲರೂ ಬರೆಯುವುದು ಹಾಗೇ: ಎಕರೆ, ಒಂದು ಚುಕ್ಕೆ, ಗುಂಟೆ. ಎರಡೆಕರೆ ಹತ್ತು ಗುಂಟೆಗೆ 2.10. ನಾನೂ ಹಾಗೇ ಬರೆದೆ. ಮನುಷ್ಯರಿಗೆ ಆ ಚುಕ್ಕೆ ಗೆರೆ ಎಳೆದ ಹಾಗೆ, ಈಚೆ ಎಕರೆ, ಆಚೆ ಗುಂಟೆ. ಕಂಪ್ಯೂಟರಿಗೆ ಅದು ದಶಮಾಂಶ. ಕೊನೆಯ ಸೊನ್ನೆಗೆ ಬೆಲೆಯಿಲ್ಲ ಅಂತ ಕಿತ್ತು ಬಿಸಾಡುತ್ತದೆ. 2.10 ಹೋಗಿ 2.1. ಹತ್ತು ಒಂದಾಗುತ್ತದೆ, ಇಪ್ಪತ್ತು ಎರಡಾಗುತ್ತದೆ, ಮೂವತ್ತು ಮೂರಾಗುತ್ತದೆ. ಮಿಕ್ಕ ಗುಂಟೆಗಳೆಲ್ಲ ಸರಿ. ಅದಕ್ಕೇ ಇಷ್ಟು ದಿನ ಯಾರ ಕಣ್ಣಿಗೂ ಬೀಳಲಿಲ್ಲ.

ಮಧ್ಯಾಹ್ನ ಊಟ ಸೇರಲಿಲ್ಲ.

22 ಜೂನ್, ಭಾನುವಾರ

ಉತ್ತರ ಒಂದೇ ಅಂಕಿಯಲ್ಲಿ ಬರುವುದೇ ತಪ್ಪು. ಎಕರೆ ಬೇರೆ, ಗುಂಟೆ ಬೇರೆ ಕೊಡಬೇಕು. ಬರೆದು ಮುಗಿಸಲು ಬೆಳಗಿನ ಹೊತ್ತೇ ಸಾಕಾಯಿತು. ಕಷ್ಟ ಅದಲ್ಲ.

ಅಪ್ಪ ಹಿತ್ತಲಲ್ಲಿ ಕಾಫಿ ಕುಡಿಯುತ್ತಾ, "ಮುಖ ಯಾಕಂಗ್ ಮಾಡ್ಕಂಡಿದ್ದೀಯವ್ವ?" ಅಂದರು. ಹೇಳಿದೆ.

"ಅಂಗಾದ್ರೆ ತಿದ್ಬುಡು. ಇನ್ನೇನು?"

"ತಿದ್ದುದ್ರೆ ಅದುನ್ನ ನಂಬ್ಕಂಡಿರೋರ್ ಪ್ರೋಗ್ರಾಮೆಲ್ಲ ಒಡ್ದೋಯ್ತವೆ ಕಣಪ್ಪ. ಅವ್ರು ಒಂದ್ ಅಂಕಿ ಬತ್ತದೆ ಅಂತ ಕಾಯ್ತಿರ್ತಾರೆ. ನಾನ್ ಎರಡ್ ಕೊಟ್ರೆ?"

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ಗೊತ್ತಾಯ್ತು ಬುಡು. ನಮ್ ಅರಕಲಗೂಡ್ ರೂಟ್ನಲ್ಲಿ ಒಂದ್ಸಲ ಸ್ಟಾಪ್ನ ಆಚೆಗಾಕುದ್ರು. ಬೋರ್ಡ್ ನೆಟ್ರು, ಪೇಪರ್ನಲ್ ಬರುಸುದ್ರು. ಯಾರ್ ಓದ್ತಾರೆ? ತಿಂಗ್ಳಗಟ್ಲೆ ಜನ ಅಳೇ ಮರದ್ ಕೆಳಗೇ ನಿಂತಿರೋರು. ನಾನೇ ಬಸ್ಸಿಂದ ಇಳ್ದೋಗಿ, ಬನ್ನಿ ತಾಯಿ ಅಂತ ಕರ್ಕಂಬರ್ಬೇಕಾಯ್ತು."

ಹೀಗೆ ಒಡೆಯುವ ಬದಲಾವಣೆ, ಬ್ರೇಕಿಂಗ್ ಚೇಂಜ್, ಅಂದರೆ ಏನು ಅಂತ ಆಫೀಸಿನ ಹೊಸಬರಿಗೆ ಅರ್ಧ ಗಂಟೆ ಬೋರ್ಡ್ ಮೇಲೆ ಬರೆದು ಹೇಳುತ್ತೇನೆ. ಅಪ್ಪನಿಗೆ ಅದು ಸರ್ವಿಸಿನಲ್ಲೇ ಆಗಿಹೋಗಿದೆ.

3 ಜುಲೈ, ಗುರುವಾರ

ಪ್ಯಾಕೇಜಿನ ವರ್ಷನ್ ನಂಬರಿನಲ್ಲಿ ಮೂರು ಅಂಕಿ ಇರುತ್ತದೆ. ಕೊನೆಯದು ಬದಲಾದರೆ: ಸಣ್ಣದೇನೋ ತಿದ್ದಿದ್ದೇನೆ, ಹೆದರಬೇಡಿ. ನಡುವಿನದು ಬದಲಾದರೆ: ಹೊಸದು ಸೇರಿಸಿದ್ದೇನೆ, ಬೇಕಿದ್ದರೆ ನೋಡಿ. ಮೊದಲನೆಯದು ಬದಲಾದರೆ: ನಿಮ್ಮದು ಒಡೆಯಬಹುದು, ನೋಡಿಕೊಂಡು ಹಾಕಿಕೊಳ್ಳಿ. ಇದು ಎಲ್ಲರೂ ಒಪ್ಪಿಕೊಂಡಿರುವ ಮಾತು. ಕೊಟ್ಟ ಮಾತು.

(2.9 ಆದ ಮೇಲೆ 2.10 ಬರುತ್ತದೆ ಅಂದರೆ ಹೊಸಬರು ನಗುತ್ತಾರೆ. ನಮ್ಮೂರಲ್ಲಿ ಯಾರೂ ನಗುವುದಿಲ್ಲ. ಎರಡೆಕರೆ ಒಂಬತ್ತು ಗುಂಟೆ ಆದ ಮೇಲೆ ಎರಡೆಕರೆ ಹತ್ತು ಗುಂಟೆ ತಾನೇ?)

ಈಗಿರುವುದು, ಕೊನೆಯ ಅಂಕಿ ಬಿಟ್ಟು ಹೇಳಿದರೆ, 2.4. ನಾನು ಮಾಡಬೇಕಾದ್ದು 3.0.

ಬಳಸುವವರು ಅಂತ ನನಗೆ ಗೊತ್ತಿರುವುದು ನಮ್ಮ ಆಫೀಸೂ ಸೇರಿ ಐದು ಕಡೆ. ಐವರಿಗೂ ಮೇಲ್ ಹಾಕಿದೆ. ಏನು ತಪ್ಪಿತ್ತು, ಏನು ಬದಲಾಗುತ್ತದೆ, ನೀವೇನು ಮಾಡಬೇಕು. ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಬರೆದದ್ದನ್ನು ಓದಿ ನನಗೇ ಮೆಚ್ಚುಗೆಯಾಯಿತು.

15 ಜುಲೈ, ಮಂಗಳವಾರ

ಉತ್ತರ ಇಲ್ಲ. ಒಬ್ಬರದ್ದೂ.

16 ಜುಲೈ

ಶಶಿಕುಮಾರ್ ಫೋನ್. ಮೇಲ್ ಓದಿಲ್ಲ, ಹೆಡ್ಡಿಂಗ್ ಮಾತ್ರ ನೋಡಿದ್ದಾರೆ.

"ಮೂರ್ ಗೀರ್ ಯಾಕೆ ಬಿಂದು? ಅಳೇ ನಂಬರ್ನಲ್ಲೇ ಸದ್ದಿಲ್ದಂಗೆ ತಿದ್ಬುಡಿ. ನಮ್ದು ಹೊಸಾದ್ ಬಂದಂಗೆಲ್ಲ ತಾನೇ ತಗಳತ್ತೆ. ಯಾರ್ಗೂ ಗೊತ್ತಾಗಲ್ಲ."

"ಗೊತ್ತಾಗ್ಬೇಕು ಸಾ. ಗೊತ್ತಾಗ್ದೆ ಹೋದ್ರೆ ಕಷ್ಟ."

"ನಮ್ ಚೇರ್ಮನ್‌ಗೆ ತಪ್ಪಾಗಿತ್ತು ಅಂತ ಹೇಳಕ್ಕಾಯ್ತದಾ? ನೋಡಿ, ನಿಮ್ಗೆ ಆಗಲ್ಲ ಅಂದ್ರೆ ನಾವೇ ಕಾಪಿ ಮಾಡ್ಕಂಡು, ತಿದ್ಕಂಡು, ಕಂಪ್ನಿ ಹೆಸರಲ್ ಇಟ್ಕತೀವಿ. ಫ್ರೀ ತಾನೇ?"

ಫ್ರೀ ನಿಜ. ಯಾರು ಬೇಕಾದರೂ ಕಾಪಿ ಮಾಡಬಹುದು. ಆದರೆ ಮೈ ಉರಿದು ಹೋಯಿತು. ‘ಗುಂಟೆ’ ತೆರೆದರೆ ಮೊದಲ ಸಾಲಿನಲ್ಲಿ ನನ್ನ ಹೆಸರಿದೆ, ಊರಿನ ಹೆಸರಿದೆ. ಅದನ್ನು ಉಜ್ಜಿ ಹಾಕುತ್ತಾರಂತೆ. ಮಾಡಲಿ ನೋಡೋಣ!

ಸಿಟ್ಟು ಇಳಿದ ಮೇಲೆ ಬರೆಯುತ್ತಿದ್ದೇನೆ. ನನಗೆ ಬೇಕಾಗಿರುವುದು ಇಷ್ಟೇ: ಮೂರನೇ ವರ್ಷನ್ ಬಿಟ್ಟ ದಿನ ಒಬ್ಬರ ಜಮೀನೂ ಸದ್ದಿಲ್ಲದೆ ತಪ್ಪಬಾರದು. ಒಂದೇ ಒಂದು ಕಡೆ ಹಾಗಾದರೂ ‘ಗುಂಟೆ’ಯನ್ನು ಆಮೇಲೆ ಯಾರೂ ನಂಬುವುದಿಲ್ಲ. ನಾನೂ ನಂಬುವುದಿಲ್ಲ.

25 ಜುಲೈ, ಶುಕ್ರವಾರ

ಆಷಾಢ ಮುಗಿಯಿತು. ಅಣ್ಣ ಕೀರ್ತಿರಾಜನ ಮದುವೆ ಕಾರ್ಡ್ ಪ್ರಿಂಟಾಗಿ ಬಂತು. ಆಗಸ್ಟ್ 17ಕ್ಕೆ ಧಾರೆ. ಮನೆ ತುಂಬ ಅರಿಶಿನದ ವಾಸನೆ. ಅವ್ವ ಒಂದೊಂದು ಕಾರ್ಡಿನ ಮೂಲೆಗೂ ಅರಿಶಿನ ಹಚ್ಚುತ್ತಿದ್ದಾಳೆ.

ವಾಟ್ಸಾಪಿನಲ್ಲಿ ಎಲ್ಲರಿಗೂ ಒಂದೇ ಸಲ ಕಳಿಸಿಬಿಡುತ್ತೇನೆ, ಅಂದೆ. ಅವ್ವ ಹಚ್ಚುತ್ತಿದ್ದ ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

"ಅಂಗ್ ಕಳ್ಸುದ್ರೆ ಯಾರ್ ಬತ್ತಾರೆ? ಮನೆ ಬಾಗ್ಲಿಗೋಗಿ, ಕುಂಕುಮ ಇಟ್ಟು, ‘ನೀವೇ ನಿಂತ್ ನಡೆಸ್ಕೊಡ್ಬೇಕು’ ಅಂತ ಕರೀಬೇಕು. ಅವಾಗ ಅವ್ರೂ ಅವ್ರ್ ಮನೆ ಕೆಲ್ಸ ಅಂತ ಬತ್ತಾರೆ. ಓದೋರ್ ಎಂತಾ ಬುದ್ವಂತ್ರೋ ಕಾಣೆ."

ಆ ಮಾತು ಕೇಳಿ ಎದ್ದು ಹೋಗಿ ಐವರಿಗೂ ಹಾಕಿದ್ದ ಇ-ಮೇಲನ್ನು ಪ್ರಿಂಟ್ ತೆಗೆದೆ. ಐದು ಪ್ರತಿ. ಅವ್ವನ ಕಾರ್ಡಿನ ಚೀಲದಲ್ಲೇ ಇಟ್ಟೆ. ಹೇಗೂ ಮೂರು ವಾರ ತಾಲ್ಲೂಕು ತಾಲ್ಲೂಕು ಅಲೆಯುವುದಿದೆ. ಮದುವೆಗೂ ಕರೆಯುವುದು, ವರ್ಷನ್ ಮೂರಕ್ಕೂ ಕರೆಯುವುದು.

27 ಜುಲೈ, ಭಾನುವಾರ — ಅರಕಲಗೂಡು

ದೊಡ್ಡಮ್ಮನ ಮನೆಯಲ್ಲಿ ಕಾರ್ಡ್ ಕೊಟ್ಟು, ಒಬ್ಬಟ್ಟು ತಿಂದು, ಅವ್ವನನ್ನು ಅಲ್ಲೇ ಬಿಟ್ಟು ಸ್ನೇಹಲತಾ ಅವರ ಅಂಗಡಿಗೆ ಹೋದೆ. ಗೊಬ್ಬರ, ಬಿತ್ತನೆ ಆಲೂಗಡ್ಡೆ, ಶುಂಠಿ ಔಷಧಿ. ಗಂಡನ ಮನೆಯ ವ್ಯಾಪಾರ. ಕಂಪ್ಯೂಟರ್ ಓದಿದವರು, ಅಂಗಡಿಯ ಪ್ರೋಗ್ರಾಮ್ ಪೂರ್ತಿ ಅವರೇ ಬರೆದದ್ದು. ಯಾವ ಹೊಲಕ್ಕೆ ಎಷ್ಟು ಗೊಬ್ಬರ ಅಂತ ಅದು ಹೇಳುತ್ತದೆ. ನಾನು ಬರುತ್ತೇನೆ ಅಂತ ಅವರು ಅಂದುಕೊಂಡೇ ಇರಲಿಲ್ಲ.

"ಗುಂಟೆ ಬಿಂದುಶ್ರೀನಾ! ನೀವ್ ಗಂಡಸು ಅನ್ಕಂಡಿದ್ದೆ ಕಣ್ರೀ."

"ಹೆಸ್ರಲ್ಲೇ ಇದ್ಯಲ್ಲ?"

"ಇದೆ. ಆದ್ರೂ..." ಅಂತ ಜೋರಾಗಿ ನಕ್ಕರು. ನನಗೂ ನಗು.

ಸೊನ್ನೆ ಬಿದ್ದುಹೋಗುವ ವಿಷಯ ಹೇಳಿದರೆ, "ಅದು ನಂಗೆ ಯಾವಾಗ್ಲೋ ಗೊತ್ತು. ಒಂದೇ ಅಂಕಿ ಬಂದ್ರೆ ಹಿಂದೆ ಸೊನ್ನೆ ಅಂಟ್ಸು ಅಂತ ಒಂದ್ ಲೈನ್ ಹಾಕ್ಕಂಡಿದೀನಿ" ಅಂದರು.

ಹೇಳಬಾರದಾ ಮಾರಾಯ್ತಿ! ಅಂತ ಬಾಯಿಗೆ ಬಂತು, ನುಂಗಿದೆ. ಆಮೇಲೆ ಹೊಳೆಯಿತು. ನಾನು ಕೊಡಲು ಹೊರಟಿರುವುದು ಎಕರೆ ಬೇರೆ, ಗುಂಟೆ ಬೇರೆ. ಎರಡೆಕರೆ ಐದು ಗುಂಟೆ ಇದ್ದರೆ ಗುಂಟೆಯ ಕಡೆ ಬರುವುದು ಬರೀ 5. ಒಂದೇ ಅಂಕಿ. ಅವರ ಆ ಲೈನು ಅದಕ್ಕೆ ಸೊನ್ನೆ ಅಂಟಿಸುತ್ತದೆ. ಐದು ಗುಂಟೆ ಐವತ್ತಾಗುತ್ತದೆ. ನೆಲವೇ ಇಲ್ಲದ ಗುಂಟೆಗೆ ಗೊಬ್ಬರ ಲೆಕ್ಕ! ಇದ್ದ ನೆಲದ ಆಲೂಗಡ್ಡೆ ಬೆಂದು ಹೋಗುತ್ತಿತ್ತು. ಪ್ರೋಗ್ರಾಮ್ ನಿಲ್ಲುತ್ತಿರಲಿಲ್ಲ, ಅಳುತ್ತಿರಲಿಲ್ಲ, ಸಲೀಸಾಗಿ ತಪ್ಪು ಹೇಳುತ್ತಿತ್ತು.

ಇಬ್ಬರೂ ಕೂತು ಆ ಲೈನು ಹಳೆಯ ವರ್ಷನ್ನಿಗೆ ಮಾತ್ರ ಓಡುವ ಹಾಗೆ ಮಾಡಿದೆವು. ಹೊಸದಕ್ಕೆ ಹೊಂದಿಸಿದೆವು. ಅವರಲ್ಲಿ ಈಗ ಹಳೆಯದೂ ನಡೆಯುತ್ತದೆ, ಹೊಸದು ಬಂದರೂ ನಡೆಯುತ್ತದೆ. ಹೊರಡುವಾಗ ಮದುವೆ ಕಾರ್ಡನ್ನೂ ಕೊಟ್ಟೆ. "ಗ್ಯಾರಂಟಿ ಬತ್ತೀನಿ" ಅಂದರು.

28 ಜುಲೈ, ಸೋಮವಾರ, ಬಸ್ಸಿನಲ್ಲಿ

ಸೀಟ್ ಸಿಕ್ಕಿದೆ. ಬೇಗ ಬರೆದುಬಿಡಬೇಕು.

ಪ್ಯಾಕೇಜಿನೊಳಗಿನ ಒಂದೊಂದು ಲೆಕ್ಕಕ್ಕೂ ಒಂದು ಹೆಸರಿದೆ, ಬೇರೆ ಪ್ರೋಗ್ರಾಮುಗಳು ಆ ಹೆಸರು ಹಿಡಿದು ಉತ್ತರ ಕೇಳುತ್ತವೆ. ಹಳೆಯ ಹೆಸರಿನಲ್ಲೇ ಹೊಸ ಉತ್ತರ ಕೊಡಬಾರದು. ಅದು ಹಳೆಯ ಸೀಮೆಎಣ್ಣೆ ಡಬ್ಬಿಗೆ ಕುಡಿಯುವ ನೀರು ತುಂಬಿಟ್ಟ ಹಾಗೆ. ಹೊಸ ಉತ್ತರಕ್ಕೆ ಹೊಸ ಹೆಸರೇ ಇರಲಿ. (ಸ್ನೇಹಲತಾ ಅವರಿಗೂ ಆ ಹೆಸರು ಹೇಳಿಬಿಡಬೇಕು.) ಹಳೆಯ ಹೆಸರಿನಲ್ಲಿ ಯಾರಾದರೂ ಕೇಳಿದರೆ ಪ್ರೋಗ್ರಾಮ್ ಅಲ್ಲೇ ನಿಲ್ಲಬೇಕು. ಯಾಕೆ ನಿಂತೆ ಅಂತ ಕನ್ನಡದಲ್ಲೇ ಹೇಳಬೇಕು. ನನಗೆ ಗೊತ್ತಿರುವುದು ಐದೇ ಮನೆ. ಗೊತ್ತಿಲ್ಲದವರೂ ಇರುತ್ತಾರೆ. ಡೌನ್‌ಲೋಡಿನ ಲೆಕ್ಕದಲ್ಲಿ ಅವರ ಹೆಸರು ಕಾಣುವುದಿಲ್ಲ, ಅವರ ಬಾಗಿಲಿಗೆ ಹೋಗಲು ಆಗುವುದಿಲ್ಲ.

ಹೀಗೆ ಬರೆದೆ:

"ನಿಲ್ಲಿಸಿದ್ದೇನೆ, ಕ್ಷಮಿಸಿ. ಹಳೆಯ ಲೆಕ್ಕದಲ್ಲಿ ಹತ್ತು, ಇಪ್ಪತ್ತು, ಮೂವತ್ತು ಗುಂಟೆಯ ಕೊನೆಯ ಸೊನ್ನೆ ಬಿದ್ದು ಹೋಗುತ್ತಿತ್ತು. ಇನ್ನು ಎಕರೆ ಬೇರೆ, ಗುಂಟೆ ಬೇರೆ ಬರುತ್ತದೆ. ಬದಲಿಸುವ ಬಗೆ ಕೆಳಗಿದೆ. ತಿಳಿಯದಿದ್ದರೆ ಫೋನ್ ಮಾಡಿ. ಬಿಂದುಶ್ರೀ, ಹೊಳೆನರಸೀಪುರ."

ಕೆಳಗೆ ನನ್ನ ನಂಬರ್. ಪಕ್ಕದ ಸೀಟಿನಾಕೆ ಇಣುಕಿ ನೋಡಿ, ಯಾರಿಗಮ್ಮ ಕ್ಷಮಾಪಣೆ ಅಂದರು. ಯಾರಿಗೆ ಅಂತ ನನಗೂ ಗೊತ್ತಿಲ್ಲ.

2 ಆಗಸ್ಟ್, ಶನಿವಾರ — ಚನ್ನರಾಯಪಟ್ಟಣ

ಇದನ್ನು ಪೂರ್ತಿ ಬರೆಯಬೇಕು. ಮರೆಯಬಾರದು.

ಹಾಸನದ ಎರಡು ಆಫೀಸು, ನಮ್ಮ ಆಫೀಸು ಈ ವಾರ ಮುಗಿದವು. ಉಳಿದದ್ದು ಶಶಿಕುಮಾರ್ ಒಬ್ಬರೇ. ಅಪ್ಪನ ಜೊತೆ ಹೋದೆ. ತೆಂಗು ಕಂಪನಿಯ ಆಫೀಸು ಇರುವುದು ಚೇರ್ಮನ್ ದೇವರಾಜ್ ಅವರ ಮನೆಯ ಮುಂಭಾಗದಲ್ಲೇ. ದೊಡ್ಡ ಮನೆ, ಹಳೆಯ ಜಮೀನ್ದಾರಿಕೆ. ಅಪ್ಪ ಗೇಟಿನ ಒಳಗೆ ಬಂದವರು ಅಂಗಳದ ಹಲಸಿನ ಮರದ ಕೆಳಗೆ ನಿಂತುಬಿಟ್ಟರು.

"ನೀನೋಗ್ ಬಾರವ್ವ. ನಾನಿಲ್ಲೇ ಇರ್ತೀನಿ."

"ಬಿಸ್ಲು ಕಣಪ್ಪ, ಒಳೀಕ್ ಬಾ."

"ಇರ್ಲಿ. ನೆಳ್ಳೈತೆ."

ಅಕ್ಕನ ಮದುವೆಗೆ ಕರೆಯಲು ಅಪ್ಪ ಇಂಥ ಮನೆಗಳಿಗೆ ಹೋದಾಗ ನಾನೂ ಜೊತೆಗಿದ್ದೆ, ಚಿಕ್ಕವಳು. ಕಾರ್ಡನ್ನು ಜಗಲಿಯ ಮೇಲಿಟ್ಟು, ಕೆಳಗೇ ನಿಂತು ಕೈ ಮುಗಿದಿದ್ದರು. ಇವತ್ತು ಅವರನ್ನು ಎಳೆದುಕೊಂಡು ಹೋಗಲು ಧೈರ್ಯ ಸಾಲಲಿಲ್ಲ. ಒಬ್ಬಳೇ ಮೆಟ್ಟಿಲು ಹತ್ತಿದೆ. ಒಳಗಿನ ಕೋಣೆಗೆ ಹೋದೆ. ಕುರ್ಚಿಯಲ್ಲಿ ಕೂತೆ. ಕೂತು, ಅವರ ಕಂಪ್ಯೂಟರಿನ ಪಾಸ್‌ವರ್ಡ್ ಕೇಳಿದೆ.

ಶಶಿಕುಮಾರ್ ಮುಖ ಬಿಗಿದುಕೊಂಡಿದ್ದರು. ಕಾಪಿ ಮಾಡಿ ಆಗಲೇ ತಿದ್ದಲು ಶುರು ಮಾಡಿದ್ದರಂತೆ. ತೋರಿಸಿ ಅಂದೆ. ತೋರಿಸಿದರು. ಉತ್ತರವನ್ನು ಅಂಕಿಯ ಬದಲು ಅಕ್ಷರದ ಹಾಗೆ ಇಟ್ಟಿದ್ದಾರೆ, ಸೊನ್ನೆ ಉಳಿಯಲಿ ಅಂತ. ಬಿಡಿಯಾಗಿ ನೋಡಿದರೆ 2.10 ಸರಿಯಾಗೇ ಕಾಣುತ್ತದೆ. ಒಂದು ಹಳ್ಳಿಯ ಒಟ್ಟು ತೆಗೆಯಿರಿ ಅಂದೆ. ತೆಗೆದರು. ಕೂಡುವ ಬದಲು ಒಂದರ ಬಾಲಕ್ಕೆ ಒಂದು ಅಂಟಿಸಿಕೊಂಡು, 2.101.053.20... ಅಂತ ಸ್ಕ್ರೀನಿನ ಆಚೆಯವರೆಗೂ ರೈಲು ಓಡಿತು.

ಅಷ್ಟರಲ್ಲಿ ಚೇರ್ಮನ್ ಬಂದರು. ಬಿಳಿ ಪಂಚೆ, ಕೈಯಲ್ಲಿ ಎಳನೀರು.

"ಏನ್ ಶಶಿ, ಅದೇನ್ ಟ್ರೈನು?"

ನಾನೇ ಹೇಳಿದೆ. ಪ್ಯಾಕೇಜ್ ನನ್ನದು, ತಪ್ಪು ನನ್ನದರಲ್ಲೇ ಇತ್ತು, ಹತ್ತು ಗುಂಟೆ ಒಂದಾಗುತ್ತಿತ್ತು, ಸರಿ ಮಾಡಿದ್ದೇನೆ, ನಿಮ್ಮ ಕಡೆಯಲ್ಲೂ ಸ್ವಲ್ಪ ಬದಲಿಸಬೇಕು.

"ಇಪ್ಪತ್ತು ಎರಡಾಗ್ತಿತ್ತಾ?"

"ಹೂಂ ಸಾ."

ಅವರು ಎಳನೀರು ಕೆಳಗಿಟ್ಟರು. "ಅಲ್ಲಾ ಕಣ್ಲಾ ಶಶಿ, ನನ್ ತ್ವಾಟನೇ ನಾಕೆಕ್ರೆ ಇಪ್ಪತ್ ಗುಂಟೆ! ಚೀಟೀಲಿ ನಾಕ್ ಪಾಯಿಂಟ್ ಎರಡು ಅಂತಿತ್ತು. ಪ್ರಿಂಟ್ ಮಿಷಿನ್ನು ಸರಿಯಿಲ್ಲ ಅಂತ ಬಯ್ದು ಹೊಸಾದ್ ತರ್ಸುದ್ನಲ್ಲೋ!"

ನಗಬಾರದು ಅಂತ ಎಷ್ಟು ತಡೆದರೂ ಆಗಲಿಲ್ಲ. ಮೊದಲು ನಕ್ಕಿದ್ದು ಶಶಿಕುಮಾರ್. ಆಮೇಲೆ ಮೂವರೂ.

"ಯಾವೂರಮ್ಮ? ಯಾರ್ ಮಗ್ಳು?" ಹೇಳಿದೆ. "ಕಂಡಕ್ಟರ್ ದ್ಯಾವಯ್ಯನಾ? ನಮ್ ರೂಟ್ನಲ್ಲೂ ಇದ್ದಲ್ಲ. ಎಲ್ಲವ್ನೆ?" ಕಿಟಕಿಯಿಂದ ಬಗ್ಗಿ ನೋಡಿ, "ಅಲ್ಯಾಕ್ ನಿಂತ್ಕಂಡಿದ್ದೀಯಾ? ಒಳೀಕ್ ಬಾರಯ್ಯ" ಅಂದರು.

ಏಕವಚನವೇ. ಆದರೆ ಅಪ್ಪ ಒಳಗೆ ಬಂದರು. ಚಪ್ಪಲಿ ದೂರ ಬಿಟ್ಟು ಬಂದು, ಕುರ್ಚಿಯ ತುದಿಯಲ್ಲಿ ಕೂತರು. ಸ್ಕ್ರೀನ್ ಮೇಲೆ ‘ಗುಂಟೆ’ ತೆರೆದಿತ್ತು. ಮೊದಲ ಸಾಲಿನಲ್ಲಿ ನನ್ನ ಹೆಸರು. ಅಪ್ಪ ಅದನ್ನು ಬಾಯಿಬಿಟ್ಟು ಓದಿದರು, ಟಿಕೆಟ್ ಪುಸ್ತಕದ ನಂಬರ್ ಓದುತ್ತಿದ್ದ ಹಾಗೆ ನಿಧಾನಕ್ಕೆ. ಆ ಮನೆಯೊಳಗೆ, ಆ ಕುರ್ಚಿಯಲ್ಲಿ ಕೂತು. ನಾನು ಕೀಬೋರ್ಡ್ ನೋಡುತ್ತಾ ಇದ್ದೆ. ಕಣ್ಣು ಮಂಜಾಗಿ ಅಕ್ಷರ ಕಾಣಲಿಲ್ಲ.

ಸಂಜೆಯವರೆಗೆ ಶಶಿಕುಮಾರ್ ಜೊತೆ ಕೂತು ಎಲ್ಲವನ್ನೂ ಬದಲಿಸಿದೆವು. ಬುದ್ಧಿವಂತರೇ, ಹಿಡಿದರೆ ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಂದು, "ನಿಮ್ ಹೆಸ್ರು ತೆಗ್ಯಲ್ಲ ಬುಡಿ ಬಿಂದುಶ್ರೀ ಅವ್ರೆ. ಆ ಕಾಪಿ ಅಳಿಸ್ಬುಟ್ಟೆ" ಅಂದರು. ಮದುವೆಗೆ ಬನ್ನಿ ಅಂದೆ.

ಬಸ್ಸಿನಿಂದ ಇಳಿಯುವಾಗ ಅಪ್ಪ, "ಕುರ್ಚಿ ಮೆತ್ಗಿತ್ತು ಕಣವ್ವ" ಅಂದರು.

24 ಆಗಸ್ಟ್, ಭಾನುವಾರ

ಮದುವೆ ಆಯ್ತು. ಬರೆಯಲು ಪುರುಸೊತ್ತಿರಲಿಲ್ಲ. ಕಾಲು ಇನ್ನೂ ಊದಿಕೊಂಡಿದೆ. ಕರೆದವರೆಲ್ಲ ಬಂದರು. ಸ್ನೇಹಲತಾ ಮುಯ್ಯಿ ಕವರಿನ ಮೇಲೆ ‘ಗುಂಟೆ ಬಳಗದಿಂದ’ ಅಂತ ಬರೆದಿದ್ದರು. ಅತ್ತಿಗೆಗೆ ಅದು ಯಾವ ಬಳಗ ಅಂತ ಇನ್ನೂ ಗೊತ್ತಾಗಿಲ್ಲ.

1 ಸೆಪ್ಟೆಂಬರ್, ಸೋಮವಾರ, ಬೆಳಿಗ್ಗೆ ಹತ್ತು

ಬಿಟ್ಟೆ. 3.0. ಬಟನ್ ಒತ್ತುವ ಮೊದಲು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಅದೇ ದಿನ, ಸಂಜೆ

ಅರಕಲಗೂಡು ಸರಿ. ಹಾಸನ ಎರಡೂ ಸರಿ. ನಮ್ಮದು ಸರಿ. ಶಶಿಕುಮಾರ್ ಚೀಟಿಯ ಫೋಟೋ ಕಳಿಸಿದರು: ನುಗ್ಗೇಹಳ್ಳಿ ನಂಜಪ್ಪ, 2 ಎಕರೆ 10 ಗುಂಟೆ. ಬಾಕಿ ಪೈಪ್ ಗಾಡಿಗೆ ಹಾಕಿಸುತ್ತಿದ್ದಾರಂತೆ.

ಐದಕ್ಕೆ ಐದು. ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಸ್ವೀಟ್ ಅಂಗಡಿಯಲ್ಲಿ ಇಳಿದು ಮೈಸೂರ್‌ಪಾಕ್ ತಂದೆ.

2 ಸೆಪ್ಟೆಂಬರ್, ಮಂಗಳವಾರ, ಏಳೂವರೆ

ತಲೆ ಬಾಚುತ್ತಿದ್ದೆ. ಗೊತ್ತಿಲ್ಲದ ನಂಬರ್. ಎತ್ತಿದರೆ ಹಿಂದೆ ತುಂಬ ಜನರ ಗಲಾಟೆ, ನೀರಿನ ಸದ್ದು.

"ಬಿಂದುಶ್ರೀ ಅನ್ನೋರಾ? ನಾನು ಹಳ್ಳಿಮೈಸೂರಿಂದ ಪುಟ್ಟಸ್ವಾಮಿ. ರಿಟೈರ್ಡ್ ಮೇಷ್ಟ್ರು. ನಿಮ್ದು ನಿಂತೋಯ್ತಲ್ಲಮ್ಮ!"

ಹಳ್ಳಿಮೈಸೂರು! ನಮ್ಮದೇ ತಾಲ್ಲೂಕು. ಆದರೂ ಈ ಮೇಷ್ಟ್ರ ಹೆಸರೇ ಕೇಳಿರಲಿಲ್ಲ. ಊರಿನವರ ನಾಲೆ ನೀರಿನ ಸರದಿಯನ್ನು ಇವರೇ ನೋಡಿಕೊಳ್ಳುತ್ತಾರಂತೆ. ಯಾರ ಗದ್ದೆ ಎಷ್ಟು, ಗುಂಟೆಗೆ ಎಷ್ಟು ಹೊತ್ತು ನೀರು ಅಂತ. ಒಬ್ಬೊಬ್ಬರಿಗೆ ಎರಡು ಮೂರು ತುಂಡು ಗದ್ದೆ, ಅದನ್ನು ಕೂಡಲು ‘ಗುಂಟೆ’ ಹಾಕಿಕೊಂಡು ಎರಡು ವರ್ಷವಾಯಿತಂತೆ. ಹೊಸದು ಬಂದರೆ ತಾನೇ ತೆಗೆದುಕೊಳ್ಳುವ ಹಾಗೆ ಬಿಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಹೊಸ ಸರದಿ ಶುರು. ಜನ ಗುದ್ದಲಿ ಹಿಡಿದು ಕಾಯುತ್ತಿದ್ದಾರೆ. ಪಟ್ಟಿ ಬರುತ್ತಿಲ್ಲ.

"ಅರಕಲಗೂಡಿಗೋಗಿ ಹೇಳಿದ್ರಂತೆ, ಚನ್ರಾಯಪಟ್ಣಕ್ಕೋಗಿ ಹೇಳಿದ್ರಂತೆ, ಇಂಟರ್ನೆಟ್ಟಲ್ಲಿ ಬರ್ದಿದ್ದೀರಿ. ಪಕ್ಕದಾಗಿರೋ ನಮ್ಮನ್ನ ಕರೀಲೇ ಇಲ್ವಲ್ಲಮ್ಮ?"

ಮದುವೆಗೆ ಕರೆಯದೆ ಬಿಟ್ಟವರ ದನಿ. ಅದೇ ಮುನಿಸು. ತಪ್ಪಾಯ್ತು ಮೇಷ್ಟ್ರೇ, ನೀವಿದ್ದೀರಿ ಅಂತ ಗೊತ್ತಿರಲಿಲ್ಲ ಅಂದೆ. ಏನು ಬಂದಿದೆ ಓದಿ ಅಂದೆ.

ಅವರು ಪಾಠ ಓದುವ ಹಾಗೆ ಜೋರಾಗಿ ಓದಿದರು. "ಹತ್ತು, ಇಪ್ಪತ್ತು, ಮೂವತ್ತು ಗುಂಟೆಯ ಕೊನೆಯ ಸೊನ್ನೆ ಬಿದ್ದು ಹೋಗುತ್ತಿತ್ತು..." ಹಿಂದಿನ ಗಲಾಟೆ ಒಮ್ಮೆಲೇ ಕಡಿಮೆಯಾಯಿತು. ಆಮೇಲೆ ಒಂದು ಹೆಂಗಸಿನ ದನಿ.

"ಮೇಷ್ಟ್ರೇ, ಇನ್ನೊಂದ್ ದಪ ಓದಿ. ಮೂವತ್ತಕ್ಕೇನಾಗ್ತಿತ್ತು?"

"ಮೂರಾಗ್ತಿತ್ತಂತೆ ಚಿಕ್ಕಮ್ಮ."

"ನಂದು ಎರಡ್ ತುಂಡೂ ಸೇರುದ್ರೆ ಒಂದೆಕ್ರೆ ಮೂವತ್ ಗುಂಟೆ ಅಲ್ವರಾ?"

ಹೌದೌದು ಅಂತ ಒಂದಿಬ್ಬರ ದನಿ. ಆಕೆಯ ದನಿ ಏರಿತು.

"ಎರಡ್ ವರ್ಸ ನೀರ್ ಸಾಲ್ಲಿಲ್ಲ ಅಂದ್ರೆ, ನಿನ್ ಬದ ತೂತು, ನಿಂಗ್ ನೀರ್ ಕಟ್ಟಕ್ ಬರಲ್ಲ ಅಂದ್ರಲ್ರೋ ಎಲ್ರೂವೆ! ಮೂರ್ ಗುಂಟೆ ನೀರ್ನ ಮೂವತ್ ಗುಂಟೆಗೆ ಎಂಗ್ರಪ್ಪ ಕಟ್ಲಿ?"

ಎರಡು ವರ್ಷ. ನನ್ನ ಒಂದು ಸೊನ್ನೆ. ನೋವಾಯಿತು, ಸುಳ್ಳು ಯಾಕೆ ಬರೆಯಲಿ. ಅದರ ಮೇಲೇ ಇನ್ನೊಂದು ಉಕ್ಕಿ ಬಂತು. ಅವತ್ತು ಶಶಿಕುಮಾರ್ ಹೇಳಿದ ಹಾಗೆ ಸದ್ದಿಲ್ಲದೆ ತಿದ್ದಿದ್ದರೆ ಇವರಿಗೆ ನೀರು ಬಂದುಬಿಡುತ್ತಿತ್ತು. ಆದರೆ ನೀರು ಕಟ್ಟಲು ಬರದವಳು ಅನ್ನುವ ಮಾತು ಹಾಗೇ ಉಳಿಯುತ್ತಿತ್ತು. ನಿಂತದ್ದರಿಂದ ಗೊತ್ತಾಯಿತು. ಊರ ಮುಂದೆ, ಮೇಷ್ಟ್ರ ಬಾಯಲ್ಲೇ. ನಾನು ಮಾಡಿದ್ದು ಸರಿ. ಸರಿ, ಸರಿ, ಸರಿ.

ಫೋನ್ ಆ ಹೆಂಗಸಿನ ಕೈಗೆ ಹೋಯಿತು.

"ಯಾರವ್ವ ನೀನು?"

"ಅದುನ್ನ ಬರ್ದೋಳು ನಾನೇ ಅಜ್ಜಿ. ತಪ್ಪು ನಂದೇ."

"ತಪ್ಪು ಅಂತ ನೀನೇ ಒಪ್ಕಂಡ್ಯಲ್ಲ ಮಗಾ. ಇಲ್ಯಾವೋನೂ ಒಪ್ನಿಲ್ಲ." ಆಮೇಲೆ ಜೋರಾಗಿ, "ಬಾ. ಬಂದು ನೀನೇ ಸರಿ ಮಾಡ್ಕೊಡು. ಅಲ್ಲೀಗಂಟ ಯಾರ್ಗೂ ತೂಬೆತ್ತಕ್ ಬುಡಕಿಲ್ಲ ನಾನು."

ಆಫೀಸಿಗೆ ರಜ ಹೇಳಿದೆ. ಅಪ್ಪ ಆಗಲೇ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಅವರಿಗೆ ಯಾರೂ ಬಾ ಅಂದಿಲ್ಲ.

ಒಂಬತ್ತು ಗಂಟೆ, ಹಳ್ಳಿಮೈಸೂರು ಬಸ್ಸಿನಲ್ಲಿ

ಲ್ಯಾಪ್‌ಟಾಪ್ ತೊಡೆಯ ಮೇಲೆ. ಬದಲಿಸಬೇಕಾದ್ದು ನಾಲ್ಕೇ ಸಾಲು. ಮೇಷ್ಟ್ರಿಗೆ ತೋರಿಸಿ, ಅವರ ಕೈಯಲ್ಲೇ ಮಾಡಿಸಬೇಕು. ಮೊದಲ ಪಟ್ಟಿಯಲ್ಲಿ ಚಿಕ್ಕಮ್ಮನವರ ಹೆಸರು ಬಂದಾಗ 1 ಎಕರೆ 30 ಗುಂಟೆ ಅಂತ ನಾನೇ ಓದಬೇಕು, ಎಲ್ಲರಿಗೂ ಕೇಳುವ ಹಾಗೆ. ಅಪ್ಪ ಮುಂದೆ ಡ್ರೈವರ್ ಹತ್ತಿರ ಕೂತು ಏನೋ ಹೇಳುತ್ತಿದ್ದಾರೆ, ಡ್ರೈವರ್ ತಿರುಗಿ ತಿರುಗಿ ನನ್ನನ್ನು ನೋಡುತ್ತಿದ್ದಾರೆ. ರಸ್ತೆ ನೋಡಬಾರದಾ!

ನಾಲೆ ಕಾಣುತ್ತಿದೆ. ಏರಿಯ ಮೇಲೆ ಜನ. ತೂಬಿನ ಮೇಲೆಯೇ ಒಬ್ಬ ಅಜ್ಜಿ ಕೂತಿದ್ದಾರೆ, ಸೀರೆ ಎತ್ತಿ ಕಟ್ಟಿ, ಗುದ್ದಲಿ ಮಡಿಲಲ್ಲಿಟ್ಟುಕೊಂಡು. ಬಸ್ಸಿನ ಒಂದೊಂದೇ ಕಿಟಕಿ ನೋಡುತ್ತಿದ್ದಾರೆ. ನನ್ನ ಕಿಟಕಿ ಇನ್ನೂ ಬಂದಿಲ್ಲ. ಈಗ ಬಂತು, ಆಕೆ ಎದ್ದು ನಿಂತು ಕೈ —